ಬಲಗೈ ಸುತ್ತು

ನಮ್ಮ ದೊಡ್ಡಪ್ಪನಿಗೆ ನಮ್ಮಪ್ಪನನ್ನು ಕಂಡರೆ ಹೊಟ್ಟೆಕಿಚ್ಚು. ಇದೇನೂ ಗುಟ್ಟಿನ ವಿಷಯವಲ್ಲ. ಇಡೀ ಬೀದಿಗೆ ಗೊತ್ತಿತ್ತು, ಇಬ್ಬರ ಹೆಂಡತಿಯರಿಗೂ ಗೊತ್ತಿತ್ತು, ಗೊತ್ತಿಲ್ಲದೆ ಇದ್ದದ್ದು ಅಪ್ಪನೊಬ್ಬನಿಗೇ. ದೊಡ್ಡಪ್ಪನಿಗೆ ಅದರಿಂದಲೇ ಇನ್ನಷ್ಟು ಉರಿಯುತ್ತಿತ್ತು. ಇಷ್ಟು ವರ್ಷ ಕಷ್ಟಪಟ್ಟು ಹೊಟ್ಟೆ ಉರಿಸಿಕೊಂಡರೂ ಎದುರಿನವನಿಗೆ ಅದರ ಬಿಸಿಯೇ ತಟ್ಟುವುದಿಲ್ಲ ಅಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ದೊಡ್ಡಪ್ಪ ಅಂದರೆ ಅಮ್ಮನ ಅಕ್ಕನ ಗಂಡ. ಅವರೂ ಅಪ್ಪನೂ ಷಡ್ಡಕರು. ದೊಡ್ಡಪ್ಪ ಬಡಗಿ. ಮೇಜು ಕುರ್ಚಿ ಮಾಡಿಕೊಂಡು ಇದ್ದವರು ಒಮ್ಮೆ ಯಾರದೋ ಮುರಿದ ಗಿಟಾರನ್ನು ಅಂಟಿಸಿಕೊಡಲು ಹೋಗಿ, ಅದರ ಹುಚ್ಚು ಹತ್ತಿಸಿಕೊಂಡು, ಎಲೆಕ್ಟ್ರಿಕ್ ಗಿಟಾರ್ ಮಾಡುವವರಾದರು. ಅಪ್ಪನದು ಅದೇ ಬೀದಿಯ ತುದಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರಿನ ಪಂಪುಗಳ ಹೊಟ್ಟೆಯಿಂದ ತಾಮ್ರ ಬಿಚ್ಚಿ ತೆಗೆದು ಹೊಸದಾಗಿ ಸುತ್ತಿಕೊಡುವ ಕೆಲಸ. ಎಲೆಕ್ಟ್ರಿಕ್ ಗಿಟಾರಿಗೂ ಇಂಥ ಸುತ್ತು ಬೇಕು. ಅಯಸ್ಕಾಂತದ ಮೈಗೆ ಕೂದಲಿಗಿಂತ ತೆಳ್ಳನೆಯ ತಾಮ್ರದ ಎಳೆಯನ್ನು ಸಾವಿರಾರು ಸಲ ಸುತ್ತಿ ಮಾಡಿದ ಪುಟ್ಟ ಪಟ್ಟಿ ಅದು; ಪಿಕಪ್ ಅನ್ನುತ್ತಾರೆ. ಗಿಟಾರಿನ ತಂತಿಗಳ ಅಡಿಯಲ್ಲಿ ಕೂತು ಅವುಗಳ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಮರದ ಕೆಲಸವೆಲ್ಲ ದೊಡ್ಡಪ್ಪನದು, ಪಿಕಪ್ ಸುತ್ತುವುದು ಅಪ್ಪ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಗಿಟಾರ್ ಆಗುತ್ತಿರಲಿಲ್ಲ.

ಕಿಚ್ಚು ಹತ್ತಿದ್ದು ಮಾತ್ರ ಗಿಟಾರಿಗಿಂತ ಎಷ್ಟೋ ಹಿಂದೆ, ನಮ್ಮ ತಾತನ ಮನೆಯ ಹಜಾರದಲ್ಲಿ. ದೊಡ್ಡ ಅಳಿಯನಾಗಿ ದೊಡ್ಡಪ್ಪ ಮಾವನ ಮನೆಗೆ ಕುರ್ಚಿಗಳ ಒಂದು ಸಾಲನ್ನೇ ಮಾಡಿಕೊಟ್ಟಿದ್ದರು. ಕೈಯಿಡುವ ಕಡೆ ನುಣುಪಾಗಿ ಬಾಗಿದ, ಕೂತರೆ ಏಳಲು ಮನಸ್ಸಾಗದಂಥ ಕುರ್ಚಿಗಳು. ಆಮೇಲೆ ಬಂದ ಚಿಕ್ಕ ಅಳಿಯ, ಅಂದರೆ ನಮ್ಮಪ್ಪ, ಮೊದಲ ಸಲ ಮನೆಗೆ ಬಂದಾಗ ಕೆಟ್ಟು ನಿಂತಿದ್ದ ಫ್ಯಾನನ್ನು ಇಳಿಸಿ, ಸುತ್ತಿ, ಮತ್ತೆ ಏರಿಸಿದ. ಅವತ್ತಿನಿಂದ ಮನೆಮಂದಿಯೆಲ್ಲ ದೊಡ್ಡಪ್ಪನ ಕುರ್ಚಿಯಲ್ಲಿ ಕೂತು ಅಪ್ಪನ ಗಾಳಿಯನ್ನು ಹೊಗಳಲು ಶುರುಮಾಡಿದರು. "ಎಂಥಾ ತಂಪು ನೋಡಿ, ಚಿಕ್ಕ ಅಳಿಯಂದ್ರ ಕೈಗುಣ," ಅಂತ ತಾತ ಕುರ್ಚಿಯ ತೋಳು ಸವರುತ್ತಾ ಹೇಳುತ್ತಿದ್ದರಂತೆ. ಎದುರಿಗೆ ದೊಡ್ಡಪ್ಪ ನಿಂತೇ ಇರುತ್ತಿದ್ದರು, ಏಕೆಂದರೆ ಕುರ್ಚಿಗಳೆಲ್ಲ ತುಂಬಿರುತ್ತಿದ್ದವು.

ಗಿಟಾರಿನಲ್ಲೂ ಅದೇ ಕಥೆ ಮುಂದುವರಿಯಿತು. ಗಿರಾಕಿ ಬರುತ್ತಾನೆ, ಮರದ ಮೇಲೆ ಕೈಯಾಡಿಸುತ್ತಾನೆ, "ಚೆನ್ನಾಗಿದೆ" ಅನ್ನುತ್ತಾನೆ. ಮಗುವಿನ ಕೆನ್ನೆ ತಟ್ಟಿದ ಹಾಗೆ ಒಂದು ಚೆನ್ನಾಗಿದೆ, ಅಷ್ಟೇ. ಆಮೇಲೆ ವೈರು ಸಿಕ್ಕಿಸಿ ಒಂದು ತಂತಿ ಮೀಟುತ್ತಾನೆ, ಕಣ್ಣರಳಿಸುತ್ತಾನೆ, ಕೇಳುತ್ತಾನೆ: "ಆಹಾ! ಇದರ ಪಿಕಪ್ ಯಾರು ಸುತ್ತಿದ್ದು?"

ಈ ಪ್ರಶ್ನೆ ಕೇಳಿಬಂದಾಗಲೆಲ್ಲ ದೊಡ್ಡಪ್ಪನ ಮುಖ ಹೇಗಾಗುತ್ತಿತ್ತು ಎಂಬುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಉಳಿಯನ್ನು ಎತ್ತಿಕೊಂಡು, ಕೆಲಸವೇ ಇಲ್ಲದ ಜಾಗದಲ್ಲಿ ಕೆಲಸ ಹುಡುಕುತ್ತಿದ್ದರು. "ನಮ್ಮ ಷಡ್ಡಕ," ಅಂತ ಗೋಡೆಗೆ ಹೇಳುತ್ತಿದ್ದರು.

ಇದರ ಮೇಲೆ ಅಪ್ಪನಿಗೆ ಶಿಳ್ಳೆಯ ಚಾಳಿ. ಕೆಲಸ ಮಾಡುವಾಗ ಸದಾ ಶಿಳ್ಳೆ. ಹಳೇ ಹೊಲಿಗೆ ಯಂತ್ರದ ಚಕ್ರದಿಂದ ತಾನೇ ಮಾಡಿಕೊಂಡ ಸುತ್ತುಯಂತ್ರವನ್ನು ಎಡಗೈಯಲ್ಲಿ ತಿರುಗಿಸುತ್ತಾ ಶಿಳ್ಳೆ ಹಾಕುತ್ತಿದ್ದ. ಅಪ್ಪ ಎಡಚ. ಒಂದು ದಿನ ದೊಡ್ಡಪ್ಪ ಮನಸ್ಸು ಗಟ್ಟಿಮಾಡಿಕೊಂಡು, ಮರ್ಯಾದೆ ಬದಿಗಿಟ್ಟು, "ಈ ಸುತ್ತೋದು ನನಗೂ ಸ್ವಲ್ಪ ತೋರಿಸಿಕೊಡೋ," ಅಂತ ಕೇಳಿದರಂತೆ. ಅಪ್ಪ ನಕ್ಕು, "ಅದೇನು ಹೇಳಿಕೊಟ್ರೆ ಬರೋದಲ್ಲ ಭಾವ, ಕೈಗೆ ತಾನಾಗೇ ಬರಬೇಕು," ಅಂದನಂತೆ. ಅಪ್ಪ ಹೇಳಿದ್ದು ನಿಜವಾಗಿಯೂ ಹಾಗೆ ಅಂದುಕೊಂಡು. ಆದರೆ ಆ ಮಾತು ದೊಡ್ಡಪ್ಪನ ಎದೆಯಲ್ಲಿ ಮರದ ಸಿಬುರಿನ ಹಾಗೆ ಕೂತುಬಿಟ್ಟಿತು. ತೆಗೆಯಲೂ ಆಗದು, ಮರೆಯಲೂ ಆಗದು.

ಈ ಇಬ್ಬರ ನಡುವೆ ಬೆಳೆದವಳು ನಾನು. ದೊಡ್ಡಪ್ಪನಿಗೆ ಮಕ್ಕಳಿಲ್ಲ. ನನ್ನ ಮೊದಲ ಗಿಟಾರನ್ನು ನನ್ನ ತೋಳಿನ ಅಳತೆ ಹಿಡಿದು ಮಾಡಿಕೊಟ್ಟವರು ಅವರೇ. ಈಗ ನಾನು ಶಾಲೆಯಲ್ಲಿ ಸಂಗೀತದ ಟೀಚರು. ಅದಕ್ಕೂ ಜನ "ಅಪ್ಪನ ಕೈಗುಣ ಮಗಳಿಗೆ ಬಂದಿದೆ" ಅನ್ನುತ್ತಾರೆ. ಪಾಪ ದೊಡ್ಡಪ್ಪ.

ಹೀಗಿರುವಾಗ ನಮ್ಮ ಬೀದಿಯ ಹಿಂದಿರುವ ಹಳೇ ಸಭಾಂಗಣವನ್ನು ರಿಪೇರಿ ಮಾಡಿಸಲು ಶುರುಮಾಡಿದರು. ಒಂದು ಕಾಲದಲ್ಲಿ ಅಲ್ಲಿ ವಾರವಾರವೂ ಆರ್ಕೆಸ್ಟ್ರಾ ನಡೆಯುತ್ತಿತ್ತು. ಅದರಲ್ಲಿ ಗಿಟಾರ್ ನುಡಿಸುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಅವರ ಗಿಟಾರೂ ಕಳೆದುಹೋಗಿದೆ. ಸಭಾಂಗಣದ ಕಾರ್ಯದರ್ಶಿಗೆ ಒಂದು ಯೋಚನೆ ಹೊಳೆಯಿತು. ಕಿತ್ತು ಹಾಕಿದ ಹಳೇ ವೇದಿಕೆಯ ಹಲಗೆಗಳಿಂದಲೇ ಒಂದು ಗಿಟಾರ್ ಮಾಡಿಸಬೇಕು. ಆ ಹಲಗೆಯ ಮೇಲೆ ನಿಂತು ಹಾಡಿದವರು, ಬಾರಿಸಿದವರು ಎಲ್ಲರ ನೆನಪಿಗೆ ಅದು ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇರಬೇಕು. ವರ್ಷಕ್ಕೊಮ್ಮೆ ಹೊರಗೆ ತೆಗೆದು ನುಡಿಸಬೇಕು. ಅದರ ತಲೆಯ ಮೇಲೆ, ತಂತಿಗಳ ಕಿವಿ ಹಿಂಡುವ ಗೂಟಗಳ ನಡುವೆ, ಮಾಡಿದವರ ಹೆಸರು ಕೆತ್ತಿರಬೇಕು. ಈ ಕಾರ್ಯದರ್ಶಿ ಮೈಕು ಸಿಕ್ಕರೆ ಬಿಡುವವರಲ್ಲ, ಹಾಗಾಗಿ ಊರಲ್ಲಿ ಅವರ ಹೆಸರು ಮೈಕಾಸುರ ಅಂತ. ಮೈಕಿಲ್ಲದೆ ದೊಡ್ಡಪ್ಪನ ಅಂಗಡಿಗೆ ಬಂದಾಗಲೂ ಅವರು ಸಭೆಗೆ ಹೇಳುವಂತೆಯೇ ಇದನ್ನೆಲ್ಲ ಹೇಳಿದರು.

ದೊಡ್ಡಪ್ಪನಿಗೆ ಕೇಳಿಸಿದ್ದು ಒಂದೇ ಮಾತು: ಹೆಸರು. ಅಲ್ಲಿಯವರೆಗೆ ಅವರ ಗಿಟಾರುಗಳೆಲ್ಲ ಕೊಂಡು ಮಾರುವ ಅಂಗಡಿಯವರ ಚೀಟಿ ಅಂಟಿಸಿಕೊಂಡು ಹೋಗುತ್ತಿದ್ದವು. ಇದೊಂದು ಅವರದಾಗಿ ಉಳಿಯುತ್ತಿತ್ತು. ಅವರದೊಂದೇ ಹೆಸರು, ಗಾಜಿನೊಳಗೆ, ಹೋಗುವವರು ಬರುವವರು ಓದುವ ಹಾಗೆ. ಅಷ್ಟಾದರೆ ಸಾಕು, ಇನ್ನೇನೂ ಬೇಡ ಅಂತ ದೊಡ್ಡಮ್ಮನ ಹತ್ತಿರ ಹೇಳಿಕೊಂಡರಂತೆ.

ಅವರು ಆ ಗಿಟಾರ್ ಮಾಡಿದ ರೀತಿಯನ್ನು ನಾನು ಶಾಲೆ ಬಿಟ್ಟ ಮೇಲೆ ಹೋಗಿ ಹೋಗಿ ನೋಡುತ್ತಿದ್ದೆ. ವೇದಿಕೆಯ ಹಲಗೆಯಲ್ಲಿ ಮೊಳೆ ಹೊಡೆದ ತೂತುಗಳಿದ್ದವು, ಕುಣಿದವರ ಹಿಮ್ಮಡಿಯ ಗುರುತುಗಳಿದ್ದವು. ಅವನ್ನು ಮುಚ್ಚಲಿಲ್ಲ. ಒಡಲಿನ ಎದೆಗೆ ಅವು ಕಾಣುವಂತೆಯೇ ಹಲಗೆಯನ್ನು ತಿರುಗಿಸಿ ತಿರುಗಿಸಿ ಹೊಂದಿಸಿದರು. ಗಿಟಾರಿನ ಕುತ್ತಿಗೆಯ ಮೇಲೆ, ಬೆರಳಿಡುವ ಜಾಗ ಗುರುತಿಸಲು ಚುಕ್ಕೆಗಳಿರುತ್ತವಲ್ಲ, ಅಲ್ಲಿ ಒಂದೊಂದು ಕಾಲದ ಸಂಗೀತವನ್ನು ಕೂರಿಸಿದರು. ಒಂದು ಕಡೆ ಒಡೆದ ಕೊಳಲಿನ ಬಿದಿರು, ಒಂದು ಕಡೆ ಹರಿದ ಚರ್ಮವಾದ್ಯದ ತುಣುಕು, ಆಮೇಲೆ ಗ್ರಾಮಫೋನ್ ತಟ್ಟೆಯ ಕರಿ ಚೂರು, ಅದರ ಗೀರುಗಳೂ ಕಾಣುವ ಹಾಗೆ. ಕೊನೆಗೆ ಕ್ಯಾಸೆಟ್ಟಿನ ಕಂದು ಟೇಪಿನ ಒಂದು ಉಂಗುರ. ಉಗುರಿನಷ್ಟು ಅಗಲದ ಗುಳಿ ತೋಡಿ, ಅದರಲ್ಲಿ ಇವನ್ನು ಕೂರಿಸಿ, ಮೇಲೆ ಪಾಲಿಶ್ ಪೇಪರ್ ಉಜ್ಜಿ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಮರ ಎಲ್ಲಿ ಮುಗಿಯಿತು, ತಟ್ಟೆ ಎಲ್ಲಿ ಶುರುವಾಯಿತು ಗೊತ್ತಾಗದಷ್ಟು ನಯ ಮಾಡಿದರು. ನನಗೆ ಗೊತ್ತಿರುವ ಮಟ್ಟಿಗೆ ಅಷ್ಟು ಚಂದದ ಕೆಲಸವನ್ನು ಅವರೂ ಮಾಡಿರಲಿಲ್ಲ, ಬೇರೆಯವರೂ ಮಾಡಿಲ್ಲ.

ಅಪ್ಪನಿಗೂ ಈ ಸಲ ಒಂದು ಕಷ್ಟ ಎದುರಾಯಿತು. ಮೇಷ್ಟ್ರ ಮಗಳು ಕನ್ನಡಕದ ಅಂಗಡಿ ನಡೆಸುತ್ತಾರೆ. ಅವರ ಹತ್ತಿರ ಮೇಷ್ಟ್ರು ನುಡಿಸಿದ್ದ ಒಂದೇ ಒಂದು ಕ್ಯಾಸೆಟ್ ಉಳಿದಿತ್ತು. ಅದನ್ನು ತಂದುಕೊಟ್ಟು, "ಸಾಧ್ಯ ಆದ್ರೆ ಈ ದನಿ ತರೋಕೆ ನೋಡಿ, ಆಗದಿದ್ರೂ ಪರವಾಗಿಲ್ಲ," ಅಂದರು. ವಿಚಿತ್ರವಾದ ದನಿ. ತೆಳ್ಳಗೆ, ಮೂಗು ಹಿಡಿದುಕೊಂಡು ಅತ್ತ ಹಾಗೆ. ಅಪ್ಪ ಕ್ಯಾಸೆಟ್ ಹಾಕುತ್ತಿದ್ದ, ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಹೆಚ್ಚು ಸುತ್ತಿ ನೋಡಿದ, ಕಡಿಮೆ ಸುತ್ತಿ ನೋಡಿದ. ಬರಲಿಲ್ಲ. ಕೊನೆಗೆ ತನ್ನ ಕೈಯಲ್ಲಿ ಆಗುವಷ್ಟು ಚೆನ್ನಾಗಿ ಎರಡು ಪಿಕಪ್ ಸುತ್ತಿ, "ಸೋತೆ ಭಾವ, ಇದಕ್ಕಿಂತ ಆಗಲ್ಲ," ಅಂತ ತಂದುಕೊಟ್ಟು, ಶಿಳ್ಳೆ ಹಾಕಿಕೊಂಡು ವಾಪಸ್ಸು ಹೋದ. ಸೋತೆ ಅಂದವನೂ ಶಿಳ್ಳೆ ಹಾಕುತ್ತಾನಲ್ಲ ಅಂತ ದೊಡ್ಡಪ್ಪ ಹಲ್ಲು ಕಡಿದರು.

ಎರಡೂ ಪಿಕಪ್ ಕೂರಿಸಿ ಮುಗಿಸುವ ಹೊತ್ತಿಗೆ ಮೈಕಾಸುರ ಬಂದರು. ಮರದ ಮೇಲೆ ಕೈಯಾಡಿಸಿದರು. ಚೆನ್ನಾಗಿದೆ ಅಂದರು. ಒಂದು ತಂತಿ ಮೀಟಿದರು. ಆಮೇಲೆ ಹೇಳಿದರು: "ತಲೆ ಮೇಲೆ ಇಬ್ಬರ ಹೆಸರೂ ಹಾಕಿಬಿಡಿ. ಎಷ್ಟಾದ್ರೂ ದನಿ ಅವರದ್ದೇ ಅಲ್ವಾ."

ಕುರ್ಚಿಗಳಿಂದ ಹಿಡಿದು ಅಲ್ಲಿಯವರೆಗೆ ನುಂಗಿಕೊಂಡದ್ದೆಲ್ಲ ದೊಡ್ಡಪ್ಪನ ಗಂಟಲಿಗೆ ಬಂತು. ಆದರೆ ಬಾಯಿಂದ ಬಂದದ್ದು, "ಆಗಲಿ ಸಾರ್."

ಮುಂದೆ ನಡೆದದ್ದನ್ನು ನನಗೆ ಎಷ್ಟೋ ದಿನದ ಮೇಲೆ ಹೇಳಿದ್ದು ದೊಡ್ಡಮ್ಮ. ರಜೆಯ ದಿನ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಅಂಗಡಿಯ ಬಾಗಿಲು ಒಳಗಿನಿಂದ ಹಾಕಿತ್ತಂತೆ. ಕಿಟಕಿಯಲ್ಲಿ ಇಣುಕಿದರೆ ದೊಡ್ಡಪ್ಪ ಗಿಟಾರಿನಿಂದ ಹಿಂದಿನ ಪಿಕಪ್ಪನ್ನು ಕಿತ್ತು ಮುಂದಿಟ್ಟುಕೊಂಡು, ಅದರ ಎಳೆಯನ್ನು ಬಿಚ್ಚಿ ಬಿಚ್ಚಿ ಒಂದು ಡಬ್ಬಿಗೆ ಸುತ್ತಿಕೊಳ್ಳುತ್ತಿದ್ದರಂತೆ. ಅಪ್ಪ ಸುತ್ತಿದ್ದನ್ನು ಪೂರ್ತಿ ಬಿಚ್ಚಿ, ಅದೇ ಎಳೆಯನ್ನು ತಾವು ಮತ್ತೆ ಸುತ್ತುವುದು ಅವರ ಹಂಚಿಕೆ. ಆಗ ಪಿಕಪ್ಪೂ ತಮ್ಮದೇ ಆಗುತ್ತದೆ, ತಲೆಯ ಮೇಲೆ ಇನ್ನೊಂದು ಹೆಸರಿಗೆ ಜಾಗವಿರುವುದಿಲ್ಲ.

"ನಿಮಗೇನು ತಲೆ ಕೆಟ್ಟಿದೆಯಾ?" ಅಂತ ದೊಡ್ಡಮ್ಮ ಕಿಟಕಿಯಿಂದಲೇ ಕೂಗಿದರು.

"ಸುಮ್ನಿರೇ. ಎಳೆ ಹರಿದುಹೋಗುತ್ತೆ."

"ಪಾಪ, ಅವನು ನಿಮಗೇನು ಮಾಡಿದ್ದಾನೆ?"

"ಏನೂ ಮಾಡಿಲ್ಲ. ಅದೇ ಕಣೇ ನನ್ನ ಸಂಕಟ!"

ಸುತ್ತುಯಂತ್ರ ಇರಲಿಲ್ಲ. ಕೈಯಲ್ಲಿ ತಿರುಗಿಸುವ ಡ್ರಿಲ್ಲನ್ನು ಮೇಜಿನ ಅಂಚಿಗೆ ಬಿಗಿದು, ಅದರ ಮೂತಿಗೆ ಪಿಕಪ್ ಸಿಕ್ಕಿಸಿ, ಬಲಗೈಯಲ್ಲಿ ತಿರುಗಿಸಿದರು. ಎಳೆ ಹರಿಯಿತು, ಬೆಸುಗೆ ಹಾಕಿದರು, ಮತ್ತೆ ಹರಿಯಿತು. ಮುಗಿದಾಗ ಅದು ನಡುವೆ ಉಬ್ಬಿ, ಒಂದು ಮಗ್ಗುಲಿಗೆ ವಾಲಿ, ಹೊಸದಾಗಿ ಹೆಣಿಗೆ ಕಲಿತವರ ಉಣ್ಣೆಯ ಉಂಡೆಯಂತಿತ್ತಂತೆ. ಇನ್ನೊಂದನ್ನು ಬಿಚ್ಚುವಷ್ಟು ಕಣ್ಣಿನಲ್ಲಿ ಶಕ್ತಿ ಉಳಿದಿರಲಿಲ್ಲ. ಸುತ್ತಿದ್ದನ್ನು ಮೇಲೊಂದು ಮುಚ್ಚಳ ಹಾಕಿ ಕೂರಿಸಿಬಿಟ್ಟರು.

ಈಗ ನೋಡಿ, ಇಷ್ಟೆಲ್ಲ ಬುದ್ಧಿ ಓಡಿಸಿದ ಮನುಷ್ಯನಿಗೆ ಅಪ್ಪ ಎಡಚ ಎಂಬುದು ಹೊಳೆಯಲೇ ಇಲ್ಲ. ಅಪ್ಪನ ಸುತ್ತುಗಳೆಲ್ಲ ಒಂದು ದಿಕ್ಕಿಗೆ ಓಡುತ್ತವೆ. ದೊಡ್ಡಪ್ಪ ಬಲಗೈಯಲ್ಲಿ ಸುತ್ತಿದ್ದು ಎದುರು ದಿಕ್ಕಿಗೆ ಓಡಿತು. ಒಂದೊಂದನ್ನೇ ಚಾಲೂ ಮಾಡಿದರೆ ಎರಡೂ ದನಿ ಕೊಡುತ್ತವೆ. ಯಾವ ಪಿಕಪ್ ಬೇಕೆಂದು ಆರಿಸುವ ಗುಂಡಿಯನ್ನು ಮಧ್ಯಕ್ಕಿಟ್ಟು ಎರಡನ್ನೂ ಜೊತೆಗೆ ಹಾಕಿದರೆ ಒಂದು ತಳ್ಳಿದ್ದನ್ನು ಇನ್ನೊಂದು ಎಳೆದು, ದಪ್ಪ ದನಿಯೆಲ್ಲ ಸೋರಿಹೋಗಿ, ತೆಳ್ಳನೆಯದೇನೋ ಒಂದಿಷ್ಟು ಉಳಿಯುತ್ತದೆ. ಷಡ್ಡಕರಿಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದರೆ ಇನ್ನೇನಾಗುತ್ತದೆ? ದೊಡ್ಡಪ್ಪನಿಗೆ ಇದು ಗೊತ್ತಾಗಿದ್ದು ಮೇಷ್ಟ್ರ ಮಗಳು ಗಿಟಾರ್ ಕೇಳಲು ಬರುವ ದಿನವೇ. ಸರಿ ಮಾಡಲು ಅಪ್ಪನನ್ನೇ ಕರೆಯಬೇಕು. ಕರೆದರೆ ಬಿಚ್ಚಿದ ವಿಷಯ ಬಾಯಿಬಿಡಬೇಕು. ಅದಕ್ಕಿಂತ ಹಾಳಾಗಿ ಹೋಗಲಿ ಅಂತ ಹಾಗೇ ಎತ್ತಿಕೊಂಡು ಬಂದರು.

ಸಭಾಂಗಣದಲ್ಲಿ ಸುಣ್ಣದ ವಾಸನೆ. ಹೊಸ ವೇದಿಕೆಯ ಮೇಲೆ ನುಡಿಸಲು ಕೂತವಳು ನಾನು. ಎದುರಿಗೆ ಮೇಷ್ಟ್ರ ಮಗಳು, ಮೈಕಾಸುರ, ಸಮಿತಿಯವರು; ಹಿಂದಿನ ಸಾಲಿನಲ್ಲಿ ಅಪ್ಪ. ದೊಡ್ಡಪ್ಪ ಗಿಟಾರನ್ನು ನನ್ನ ಮಡಿಲಿಗಿಡುತ್ತಾ ಕಿವಿಯಲ್ಲಿ, "ಗುಂಡಿ ಮಧ್ಯಕ್ಕೆ ಮಾತ್ರ ಇಡಬೇಡ ಕಣೇ, ಕೈಮುಗೀತೀನಿ," ಅಂದರು.

ಕಾರಣ ಹೇಳದೆ ಬೇಡ ಅಂದರೆ ನಾನು ಹುಟ್ಟಿದಾಗಿನಿಂದ ಕೇಳಿದವಳಲ್ಲ. ಸ್ವಲ್ಪ ಹೊತ್ತು ಮುಂದಿನದರಲ್ಲಿ ನುಡಿಸಿದೆ, ಎಲ್ಲರೂ ತಲೆದೂಗಿದರು. ಆಮೇಲೆ ಕ್ಯಾಸೆಟ್ಟಿನಲ್ಲಿದ್ದ ಮೇಷ್ಟ್ರ ನಿಧಾನದ ರಾಗ ಶುರುಮಾಡಿ ಗುಂಡಿಯನ್ನು ಮಧ್ಯಕ್ಕೆ ತಳ್ಳಿದೆ.

ದನಿ ಕುಸಿಯಿತು. ನನಗೇ ಬೆರಳು ತಡವರಿಸಿತು. "ಇದೇನು, ಗಿಟಾರಿಗೆ ಶೀತ ಆಗಿದೆಯಾ?" ಅಂದರು ಮೈಕಾಸುರ. ಹಿಂದಿನ ಸಾಲಿನಲ್ಲಿ ಅಪ್ಪ ತಟ್ಟನೆ ಎದ್ದು ನಿಂತ. ದೊಡ್ಡಪ್ಪ ಪರದೆಯ ಹಗ್ಗ ಹಿಡಿದುಕೊಂಡು ಬಿಳಿಚಿಕೊಂಡಿದ್ದರು. ನಾನು ಗುಂಡಿಯನ್ನು ವಾಪಸ್ಸು ಎಳೆಯಲು ಹೋದೆ.

"ನಿಲ್ಲಿಸಬೇಡಮ್ಮ," ಅಂದರು ಮೇಷ್ಟ್ರ ಮಗಳು. "ಹಾಗೇ ನುಡಿಸು."

ನುಡಿಸಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೊನೆಯವರೆಗೂ ಕೇಳಿದರು. ಆಮೇಲೆ ಅಂದರು: "ಇದೇ. ನಮ್ಮಪ್ಪನ ಗಿಟಾರು ಹೀಗೇ ಇತ್ತು. ಒಂದು ಸಲ ಒಳಗೇನೋ ಸುಟ್ಟುಹೋಯ್ತು ಅಂತ ರೇಡಿಯೋ ರಿಪೇರಿಯವನ ಹತ್ರ ಸುತ್ತಿಸಿಕೊಂಡು ಬಂದ್ರು. ಆಮೇಲಿಂದ ಹೀಗಾಯ್ತು. ಸರಿ ಮಾಡಿಸಿ ಅಂದ್ರೆ, ಬೇಡ, ಇದರಲ್ಲಿ ಏನೋ ಇದೆ, ಇರ್ಲಿ ಬಿಡು ಅಂದ್ರು." ಕನ್ನಡಕ ಹಾಕಿಕೊಂಡು ಕೇಳಿದರು: "ಇದನ್ನ ಸುತ್ತಿದ್ದು ಯಾರು?"

ಎಲ್ಲರ ತಲೆಯೂ ಅಪ್ಪನ ಕಡೆ ತಿರುಗಿತು. ಬೇರೆ ಯಾರ ಕಡೆಗೆ ತಿರುಗಬೇಕು?

ಅಪ್ಪ ವೇದಿಕೆಗೆ ಬಂದ. ಗಿಟಾರ್ ಇಸಿದುಕೊಂಡು ಮುಂದಿನದರಲ್ಲಿ ಒಂದು ಸಲ, ಹಿಂದಿನದರಲ್ಲಿ ಒಂದು ಸಲ, ಮಧ್ಯದಲ್ಲಿ ಒಂದು ಸಲ ಮೀಟಿದ. "ಮುಂದಿಂದು ನಂದು," ಅಂದ. "ಹಿಂದಿಂದು ನಂದಲ್ಲ. ಇದು ಬಲಗೈನೋರು ಸುತ್ತಿರೋದು." ಹಗ್ಗ ಹಿಡಿದು ನಿಂತವರನ್ನು ನೋಡಿದ. "ಭಾವ, ನೀವಾ?"

"ಹೂಂ," ಅಂದರು ದೊಡ್ಡಪ್ಪ. ಜನ್ಮವಿಡೀ ಕಾದಿದ್ದ ಪ್ರಶ್ನೆಗೆ ಅವರಿಂದ ಬಂದ ಉತ್ತರ ಅಷ್ಟೇ.

ತಾನು ಸುತ್ತಿದ್ದನ್ನು ಬಿಚ್ಚಿದ್ದು ಯಾಕೆ ಅಂತ ಅಪ್ಪ ಕೇಳುತ್ತಾನೆಂದು ದೊಡ್ಡಪ್ಪನೂ ನಾನೂ ಕಾದೆವು. ಅಪ್ಪ ಕೇಳಲಿಲ್ಲ. ಅಷ್ಟರಲ್ಲಿ ಮೈಕಾಸುರ ಚಪ್ಪಾಳೆ ತಟ್ಟಿ, "ಹಾಗಾದ್ರೆ ಮರಾನೂ ನಿಮ್ಮದೇ, ದನೀನೂ ನಿಮ್ಮದೇ! ಇನ್ನೊಬ್ಬರ ಹೆಸರು ಯಾಕೆ?" ಅಂದರು. ಅಪ್ಪ, "ಹೌದು, ಭಾವಂದೇ ಇರ್ಲಿ," ಅಂದ. ಮಾತು ಸರಿಯಾಗಿಯೇ ಇತ್ತು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅಪ್ಪ ಶಿಳ್ಳೆ ಹಾಕಲಿಲ್ಲ. ಅದು ನನಗೆ ಮನೆ ಮುಟ್ಟಿದ ಮೇಲೆ ಹೊಳೆಯಿತು.

ದೊಡ್ಡಪ್ಪ ತಮ್ಮ ಹೆಸರೊಂದನ್ನೇ ಕೆತ್ತಿದರು. ಸಭಾಂಗಣ ತೆರೆದ ದಿನ ಜನ ಗಾಜಿನ ಮುಂದೆ ಮುಗಿಬಿದ್ದರು. ದೊಡ್ಡಪ್ಪ ಮಡಿಕೆ ಮುರಿಯದ ಬಟ್ಟೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದರು. ಸಂಜೆ ಮನೆಗೆ ಬಂದವರ ಮುಖ ನೋಡಿದರೆ ಚಪ್ಪಲಿ ಕಳೆದುಕೊಂಡು ಬಂದವರ ಹಾಗಿತ್ತು.

"ಏನಾಯ್ತು ದೊಡ್ಡಪ್ಪ? ಎಲ್ಲರೂ ಹೊಗಳಿದ್ರಲ್ಲ."

"ಏನನ್ನ ಹೊಗಳಿದ್ರು? ಆ ಸುತ್ತನ್ನ! ಬಂದೋರೆಲ್ಲ ಅದನ್ನೇ ಕೇಳ್ತಾರೆ, ಹೇಗೆ ಸುತ್ತಿದ್ರಿ, ಹೇಗೆ ಸುತ್ತಿದ್ರಿ. ಆ ತಟ್ಟೆ ಚೂರು ಕೂರಿಸೋಕೆ ನನ್ನ ಬೆರಳಿನ ಗೆರೆ ಎಲ್ಲ ಸವೆದುಹೋಯ್ತು. ಒಬ್ಬನಾದ್ರೂ ಆ ಮರ ಮುಟ್ಟಿ ನೋಡಬೇಕು ಅಂದ್ನಾ? ನಾನು ಕೆಡಿಸಿದ್ದನ್ನ ಹೊಗಳ್ತಾರೆ ಕಣೇ, ಮಾಡಿದ್ದನ್ನಲ್ಲ."

ಒಳಗಿನಿಂದ ದೊಡ್ಡಮ್ಮ, "ಈಗ ಯಾರ ಮೇಲೆ ಹೊಟ್ಟೆ ಉರ್ಕೊಳ್ತೀರಿ? ನಿಮ್ಮ ಬಲಗೈ ಮೇಲಾ?" ಅಂದರು. ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ ನಗಲಿಲ್ಲ. ಹೆಸರು ಸಿಕ್ಕಿತ್ತು, ಹೆಸರಿನ ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಒಳಗಿನ ಉರಿ ಹಾಗೇ ಇತ್ತು. ಅದು ಅವರಿಗೇ ಅರ್ಥವಾಗದೆ ಮಂಕಾಗಿಬಿಟ್ಟರು.

ಆಮೇಲೆ ಕೆಲವು ದಿನ ಅಪ್ಪ ಆ ಕಡೆ ಹೋಗಲಿಲ್ಲ, ಅವರು ಈ ಕಡೆ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹೊಸ ಗಿಟಾರಿಗೆ ಪಿಕಪ್ ಬೇಕು ಅನ್ನುವ ನೆಪ ಮಾಡಿಕೊಂಡು ದೊಡ್ಡಪ್ಪ ಅಪ್ಪನ ಅಂಗಡಿಗೆ ಬಂದರು. ನಾನು ಅಪ್ಪನಿಗೆ ಊಟ ತಂದು ಅಲ್ಲೇ ಇದ್ದೆ. ರಿಪೇರಿಗೆ ಬಂದ ಫ್ಯಾನು, ಪಂಪುಗಳೆಲ್ಲ ಮೂಲೆಗೆ ಬಿದ್ದಿದ್ದವು. ಅಪ್ಪ ಸುತ್ತುಯಂತ್ರವನ್ನು ಹಿಂದುಮುಂದಾಗಿ ತಿರುಗಿಸಿ ಮೇಜಿಗೆ ಬಿಗಿದುಕೊಂಡಿದ್ದ. ಬಲಗೈಯಲ್ಲಿ ತಿರುಗಿಸುತ್ತಿದ್ದ. ಎಳೆ ಟಕ್ಕೆಂದು ಹರಿಯಿತು. ಅಪ್ಪ ಬಾಯಲ್ಲಿ ಒಂದು ಕೆಟ್ಟ ಮಾತು ಆಡಿದ. ಅವನ ಬಾಯಿಂದ ಅಂಥದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾಲಬುಡದಲ್ಲಿ ಹರಿದ ತಾಮ್ರದ ಎಳೆಯ ಗೋಜಲು ಬಿದ್ದಿತ್ತು.

ತಲೆಯೆತ್ತಿ ದೊಡ್ಡಪ್ಪನನ್ನು ನೋಡಿದ. ಮುಚ್ಚಿಡಲು ಅವನಿಗೆ ಬರುವುದಿಲ್ಲ.

"ವೈರು ಅದಲು ಬದಲು ಮಾಡಿ ನೋಡ್ದೆ ಭಾವ," ಅಂದ. "ತೆಳ್ಳಗೇನೋ ಬಂತು. ಆ ಅಳು ಬರಲಿಲ್ಲ. ಬಲಗೈಯಲ್ಲೂ ನೋಡ್ತಾ ಇದ್ದೀನಿ. ಆಗ್ತಾ ಇಲ್ಲ. ನಾನು ಅಷ್ಟು ದಿನ ಕ್ಯಾಸೆಟ್ ಮುಂದೆ ಕೂತು ಸತ್ತೆ, ನಿಮಗೆ ಒಂದೇ ಮಧ್ಯಾಹ್ನಕ್ಕೆ ಬಂದುಬಿಡ್ತು. ನಿದ್ದೆ ಬರ್ತಿಲ್ಲ ನನಗೆ. ನಿಜ ಹೇಳ್ತೀನಿ, ನಿಮ್ಮನ್ನ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ."

ದೊಡ್ಡಪ್ಪ ಹತ್ತಿರದಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ನಿಧಾನವಾಗಿ ಕೂತರು.

"ಹೇಗೆ ಸುತ್ತಿದ್ರಿ ಅಂತ ಸ್ವಲ್ಪ ತೋರಿಸಿಕೊಡಿ," ಅಂದ ಅಪ್ಪ.

ದೊಡ್ಡಪ್ಪ ಮೇಜಿನ ಮೇಲಿನ ತಾಮ್ರದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಅಷ್ಟು ತಣ್ಣಗಾಗಿದ್ದನ್ನು ನಾನು ಯಾವತ್ತೂ ನೋಡಿಲ್ಲ.

"ಅದೇನು ಹೇಳಿಕೊಟ್ರೆ ಬರೋದಲ್ಲಪ್ಪ," ಅಂದರು. "ಕೈಗೆ ತಾನಾಗೇ ಬರಬೇಕು."

ಪಿಕಪ್ಪಿನ ಮಾತೇ ಎತ್ತದೆ ಎದ್ದು ಹೊರಟರು. ಅವರಿಗೆ ಶಿಳ್ಳೆ ಹಾಕಲು ಬರುವುದಿಲ್ಲ. ಬರೀ ಗಾಳಿ ಹೋಗುತ್ತದೆ. ಆದರೂ ತಮ್ಮ ಅಂಗಡಿ ಮುಟ್ಟುವವರೆಗೂ ಹಾಕುತ್ತಲೇ ಹೋದರು.